ಅಸ್ತಿತ್ವವಾದಿ ಕಾದಂಬರಿ ಮತ್ತು ಅದರ ಓದುಗ: ಘಟಪ್ರಭೆಯ ಸೀಮೆಯಿಂದ ಒಂದು ಅವಲೋಕನ

ಕನ್ನಡದಲ್ಲಿ ಸಾಹಿತ್ಯ ಚರಿತ್ರೆಯು ಬಹುಮಟ್ಟಿಗೆ ಲೇಖಕರ ಹಾಗೂ ಕೃತಿಗಳ ಚರಿತ್ರೆಯಾಗಿಯೇ ರಚಿತವಾಗಿದೆ. ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂಬ ಘಟ್ಟಗಳ ವಿಂಗಡಣೆಯೂ ಬರೆದವರ ನಿಲುವುಗಳನ್ನು ಆಧರಿಸಿದೆ. ಓದಿದವರು ಯಾರು, ಅವರು ಯಾವುದನ್ನು ಒಪ್ಪಿದರು, ಯಾವುದನ್ನು ನಿರಾಕರಿಸಿದರು, ಆ ನಿರಾಕರಣೆಯಿಂದ ಸಾಹಿತ್ಯದ ದಿಕ್ಕು ಬದಲಾಯಿತೆ ಎಂಬ ಪ್ರಶ್ನೆಗಳು ಈ ವಿಂಗಡಣೆಯ ಹೊರಗೇ ಉಳಿದಿವೆ. ಅಸ್ತಿತ್ವವಾದಿ ಕಾದಂಬರಿಯ ವಿಷಯದಲ್ಲಂತೂ ಈ ಕೊರತೆ ಎದ್ದು ಕಾಣುತ್ತದೆ. ಒಬ್ಬ ವ್ಯಕ್ತಿಯ ಒಂಟಿತನವನ್ನೇ ವಸ್ತುವಾಗಿಸಿಕೊಂಡ ಈ ಬರಹ ಹಲವರ ಕೈಗೆ ಹೋದಾಗ ಏನಾಯಿತು ಎಂಬುದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ; ಅದು ಚರಿತ್ರೆಯ ಪ್ರಶ್ನೆ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಒಂದು ನಿರ್ದಿಷ್ಟ ನೆಲೆಯಿಂದ ಪರಿಶೀಲಿಸುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸೀಮೆ, ಅಂದರೆ ಯಮಕನಮರಡಿಯ ಸುತ್ತಲಿನ ಪ್ರದೇಶವು ಒಂದು ದೃಷ್ಟಿಯಿಂದ ಕನ್ನಡದ ನವ್ಯ ಕಾದಂಬರಿಯ ಹಾದಿಯ ಮೇಲೆಯೇ ಇದೆ. ದಕ್ಷಿಣಕ್ಕೆ ನವ್ಯ ಕೃತಿಗಳನ್ನು ಪ್ರಕಟಿಸಿದ ಧಾರವಾಡ. ಉತ್ತರಕ್ಕೆ ಮೊದಲ ನವ್ಯ ಕಾದಂಬರಿಯೆಂದು ಪರಿಗಣಿತವಾದ ಕೃತಿಯ ಕರ್ತೃ ಶಾಂತಿನಾಥ ದೇಸಾಯಿ ಅವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಕೊಲ್ಹಾಪುರ. ಇವೆರಡನ್ನೂ ಕೂಡಿಸುವ ಹೆದ್ದಾರಿಯ ಮಗ್ಗುಲಿನ ಈ ಸೀಮೆ ಕನ್ನಡಕ್ಕೆ ಬೆಟಗೇರಿ ಕೃಷ್ಣಶರ್ಮ, ಬಸವರಾಜ ಕಟ್ಟೀಮನಿ, ಚಂದ್ರಶೇಖರ ಕಂಬಾರ ಅವರನ್ನು ಕೊಟ್ಟಿದೆ. ಈ ಮೂವರಲ್ಲಿ ಯಾರೂ ಅಸ್ತಿತ್ವವಾದಿಗಳೆನಿಸಿಕೊಳ್ಳಲಿಲ್ಲ. ಈ ಸಂಗತಿಯನ್ನು ಆಕಸ್ಮಿಕವೆಂದು ಬಿಡುವ ಬದಲು ಒಂದು ಬಗೆಯ ಓದುಗ ಪ್ರತಿಕ್ರಿಯೆಯೆಂದು ಗ್ರಹಿಸಲು ಸಾಧ್ಯವೆ ಎಂಬುದೇ ಇಲ್ಲಿನ ಮುಖ್ಯ ಜಿಜ್ಞಾಸೆ. ಹೋಲಿಕೆಗಾಗಿ ಅರ್ಜೆಂಟೀನಾದ ಕಾದಂಬರಿಕಾರ ಅರ್ನೆಸ್ಟೊ ಸಬಾಟೊನನ್ನು ಆರಿಸಿಕೊಳ್ಳಲಾಗಿದೆ. ಓದುಗನೆಂಬ ಸಮಸ್ಯೆಯನ್ನೇ ಕಥೆಯಾಗಿ ಕಟ್ಟಿದವರಲ್ಲಿ ಅವನು ಪ್ರಮುಖನಾಗಿರುವುದು ಈ ಆಯ್ಕೆಗೆ ಕಾರಣ.

1. ಸಬಾಟೊ: ಒಬ್ಬನೇ ಓದುಗನ ಹಂಬಲ

ಸಬಾಟೊ 1911ರ ಜೂನ್ 24ರಂದು ಬ್ಯೂನಸ್ ಐರಿಸ್ ಪ್ರಾಂತದ ರೋಹಾಸ್ ಎಂಬ ಊರಿನಲ್ಲಿ, ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದನು. ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಪ್ಯಾರಿಸ್ಸಿನ ಕ್ಯೂರಿ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿದನು. 1940ರ ದಶಕದಲ್ಲಿ ವಿಜ್ಞಾನವನ್ನು ತೊರೆದು ಸಾಹಿತ್ಯಕ್ಕೆ ಬಂದನು. ಮೂರೇ ಕಾದಂಬರಿಗಳು ಅವನವು: 'ಎಲ್ ತುನೆಲ್' (ಸುರಂಗ, 1948), 'ಸೋಬ್ರೆ ಹೆರೋಯೆಸ್ ಇ ತುಂಬಾಸ್' (ವೀರರು ಮತ್ತು ಸಮಾಧಿಗಳನ್ನು ಕುರಿತು, 1961), 'ಅಬದ್ದೋನ್ ಎಲ್ ಎಕ್ಸ್‌ತೆರ್ಮಿನದೋರ್' (ಸಂಹಾರಕ ಅಬದ್ದೋನ್, 1974). ಬ್ಯೂನಸ್ ಐರಿಸ್ಸಿನ ಪ್ರಕಾಶಕರು ನಿರಾಕರಿಸಿದ ಮೊದಲ ಕಾದಂಬರಿಯನ್ನು ವಿಕ್ಟೋರಿಯಾ ಒಕಾಂಪೊಳ 'ಸುರ್' ಸಂಸ್ಥೆ ಹೊರತಂದಿತು. 1924ರಲ್ಲಿ ರವೀಂದ್ರನಾಥ ಠಾಕೂರರಿಗೆ ಆತಿಥ್ಯ ನೀಡಿದ ಒಕಾಂಪೊ ಇವಳೇ. ಕೃತಿಯನ್ನು ಮೆಚ್ಚಿದ ಆಲ್ಬೆರ್ ಕಾಮು ಅದರ ಫ್ರೆಂಚ್ ಅನುವಾದ ಪ್ರಕಟವಾಗಲು ನೆರವಾದನು. 1950ರಲ್ಲಿ ಬಂದ ಇಂಗ್ಲಿಷ್ ಅನುವಾದಕ್ಕೆ 'ದಿ ಔಟ್‌ಸೈಡರ್' ಎಂಬ ಹೆಸರಿಡಲಾಯಿತು. ಕಾಮುವಿನ ಕಾದಂಬರಿಯ ಬ್ರಿಟಿಷ್ ಅನುವಾದದ ಹೆಸರೂ ಅದೇ ಆಗಿದ್ದುದು, ಹೊರಗಿನ ಓದುಗರು ಈ ಕೃತಿಯನ್ನು ಯಾವ ಚೌಕಟ್ಟಿನಲ್ಲಿಟ್ಟು ಓದಿದರೆಂಬುದನ್ನು ಸೂಚಿಸುತ್ತದೆ.

'ಎಲ್ ತುನೆಲ್' ಕಾದಂಬರಿಯ ಕಥಾನಾಯಕ ಹುವಾನ್ ಪಾಬ್ಲೊ ಕಸ್ತೆಲ್ ಒಬ್ಬ ಚಿತ್ರಕಾರ. ಮರಿಯಾ ಇರಿಬಾರ್ನೆಯನ್ನು ತಾನು ಕೊಂದುದಾಗಿ ಅವನು ಆರಂಭದಲ್ಲಿಯೇ ಹೇಳಿಬಿಡುತ್ತಾನೆ. ಬಂಧನದಲ್ಲಿದ್ದುಕೊಂಡು ಕಥೆಯನ್ನು ಬರೆಯುತ್ತಾನೆ. ಅವನ ಒಂದು ಚಿತ್ರದ ಮೂಲೆಯಲ್ಲಿ ಚಿಕ್ಕ ಕಿಟಕಿಯಿದೆ. ಕಿಟಕಿಯಾಚೆ ನಿರ್ಜನವಾದ ಕಡಲತೀರ ಮತ್ತು ಒಬ್ಬ ಹೆಂಗಸು. ವಿಮರ್ಶಕರೆಲ್ಲರೂ ಚಿತ್ರದ ಮುನ್ನೆಲೆಯನ್ನು ಹೊಗಳಿದರೆ ಮರಿಯಾ ಒಬ್ಬಳೇ ಕಿಟಕಿಯನ್ನು ದಿಟ್ಟಿಸಿ ನಿಲ್ಲುತ್ತಾಳೆ. ತನ್ನನ್ನು ಅರಿತವಳು ಅವಳೊಬ್ಬಳೇ ಎಂಬ ನಂಬಿಕೆ ಅಲ್ಲಿ ಹುಟ್ಟುತ್ತದೆ. ಆ ಅರಿವು ಸಂಪೂರ್ಣವಾಗಿ ತನ್ನದೇ ಆಗಬೇಕೆಂಬ ಹಟ, ತರ್ಕದ ಮೇಲೆ ತರ್ಕ ಹೂಡಿದ ಸಂಶಯ, ಕೊನೆಗೆ ಕೊಲೆ. ತನ್ನ ಬರಹವನ್ನು ಓದುವವರಲ್ಲಿ ಒಬ್ಬರಾದರೂ ತನ್ನನ್ನು ಅರ್ಥಮಾಡಿಕೊಂಡಾರೆಂಬ ಆಸೆಯನ್ನು ಕಸ್ತೆಲ್ ಬಿಟ್ಟಿರುವುದಿಲ್ಲ. ಆದರೆ ಹಾಗೆ ಅರ್ಥಮಾಡಿಕೊಂಡವಳನ್ನೇ ಅವನು ಕೊಂದಿದ್ದಾನೆ.

ಇದನ್ನು ಅಸ್ತಿತ್ವವಾದಿ ಬರಹಕ್ಕೂ ಓದುಗನಿಗೂ ಇರುವ ಸಂಬಂಧದ ರೂಪಕವಾಗಿ ಓದಬಹುದು. ಒಬ್ಬನೇ ಓದುಗ ಸಾಕೆನ್ನುವ ಬರಹವು ಆ ಓದುಗನ ಸ್ವಾತಂತ್ರ್ಯವನ್ನು ಸಹಿಸುವುದಿಲ್ಲ. ಮರಿಯಾಳಿಗೆ ತನ್ನದೇ ಬದುಕಿದೆ, ಗಂಡನಿದ್ದಾನೆ, ಹೇಳದೆ ಉಳಿಸಿಕೊಂಡ ಮಾತುಗಳಿವೆ. ಕಸ್ತೆಲ್‌ನ ನಿರೂಪಣೆಯಲ್ಲಿ ಅದೆಲ್ಲವೂ ಅವಳ ವಿರುದ್ಧದ ಸಾಕ್ಷ್ಯವಾಗುತ್ತದೆ.

ಸಬಾಟೊನ ಮುಂದಿನ ದಾರಿ ಈ ಸುರಂಗದಿಂದ ಹೊರಬರುವ ಪ್ರಯತ್ನವಾಗಿತ್ತು. ಎರಡನೆಯ ಕಾದಂಬರಿಯಲ್ಲಿ ಮಾರ್ತಿನ್ ಮತ್ತು ಅಲೆಹಾಂದ್ರಾರ ಕಥೆಯ ಜೊತೆಗೆ, ಹತ್ತೊಂಬತ್ತನೆಯ ಶತಮಾನದ ಸೇನಾನಿ ಲವಾಯೆಯ ಅನುಚರರು ಅವನ ದೇಹದೊಂದಿಗೆ ಉತ್ತರಕ್ಕೆ ಹಿಮ್ಮೆಟ್ಟಿದ ಚರಿತ್ರೆಯೂ ಹೆಣೆದುಕೊಂಡಿದೆ. ಮೂರನೆಯದರಲ್ಲಿ ಸಬಾಟೊ ತಾನೇ ಪಾತ್ರವಾಗುತ್ತಾನೆ. ದೂರದ ಯುವ ಓದುಗನೊಬ್ಬನಿಗೆ ಬರೆದ ಪತ್ರದ ರೂಪದ ಭಾಗವೂ ಅಲ್ಲಿದೆ. ಅನಂತರ ಅವನು ಕಾದಂಬರಿ ಬರೆಯಲಿಲ್ಲ. 1976ರ ಮಾರ್ಚಿಯಲ್ಲಿ ಸೈನ್ಯವು ಅಧಿಕಾರ ಹಿಡಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಸರ್ವಾಧಿಕಾರಿ ವಿದೆಲಾನೊಂದಿಗೆ ಬೋರ್ಹೆಸ್ ಮೊದಲಾದವರ ಜೊತೆ ಭೋಜನಕ್ಕೆ ಕುಳಿತದ್ದನ್ನು ಅವನ ಓದುಗರಲ್ಲಿ ಹಲವರು ಮರೆಯಲಿಲ್ಲ. 1983ರಲ್ಲಿ ಪ್ರಜಾಪ್ರಭುತ್ವ ಮರಳಿದಾಗ, ಕಣ್ಮರೆಯಾದವರ ಕುರಿತ ರಾಷ್ಟ್ರೀಯ ಆಯೋಗಕ್ಕೆ ಅವನೇ ಅಧ್ಯಕ್ಷನಾದನು. 1984ರಲ್ಲಿ ಸಲ್ಲಿಸಿದ 'ನುಂಕಾ ಮಾಸ್' (ಇನ್ನೆಂದೂ ಬೇಡ) ವರದಿಯು 8,961 ಮಂದಿಯ ಕಣ್ಮರೆಯನ್ನು ದಾಖಲಿಸಿತು. ಒಬ್ಬನ ತಪ್ಪೊಪ್ಪಿಗೆಯನ್ನು ಬರೆದು ಹೆಸರಾದ ಲೇಖಕನು ಸಾವಿರಾರು ಜನರ ಸಾಕ್ಷ್ಯಗಳನ್ನು ಕೇಳಿಸಿಕೊಳ್ಳುವ ಸ್ಥಾನಕ್ಕೆ ಬಂದನು. ವರದಿಯ ಮುನ್ನುಡಿಯು ಪ್ರಭುತ್ವದ ಹಿಂಸೆಯನ್ನೂ ಉಗ್ರಗಾಮಿಗಳ ಹಿಂಸೆಯನ್ನೂ ಸಮದೂರದಲ್ಲಿರಿಸಿತೆಂಬ ಆಕ್ಷೇಪ ಬಂದಿತು. ಹೀಗೆ ಸಬಾಟೊನನ್ನು ಓದುವುದೆಂದರೆ ಅವನ ನಡೆಯನ್ನೂ ಓದುವುದಾಯಿತು. ಅದೇ ವರ್ಷ ಅವನಿಗೆ ಸ್ಪ್ಯಾನಿಷ್ ಭಾಷೆಯ ಶ್ರೇಷ್ಠ ಗೌರವವಾದ ಸರ್ವಾಂತೆಸ್ ಪ್ರಶಸ್ತಿ ದೊರೆಯಿತು. 2011ರ ಏಪ್ರಿಲ್ 30ರಂದು, ನೂರು ತುಂಬಲು ಎರಡು ತಿಂಗಳು ಮಾತ್ರ ಉಳಿದಿದ್ದಾಗ, ಅವನು ತೀರಿಕೊಂಡನು.

2. ಧಾರವಾಡದ ಅಟ್ಟ ಮತ್ತು ಚಂದಾದಾರ ಓದುಗ

ಬ್ಯೂನಸ್ ಐರಿಸ್ಸಿಗೆ 'ಸುರ್' ಹೇಗೋ ಹಾಗೆ ಉತ್ತರ ಕರ್ನಾಟಕದ ಹೊಸ ಬರವಣಿಗೆಗೆ ಧಾರವಾಡದ ಮನೋಹರ ಗ್ರಂಥಮಾಲೆ. 1933ರಲ್ಲಿ ಜಿ. ಬಿ. ಜೋಶಿ (ಜಡಭರತ) ಅವರು ಸ್ಥಾಪಿಸಿದ ಈ ಸಂಸ್ಥೆಗೆ ಕೀರ್ತಿನಾಥ ಕುರ್ತಕೋಟಿ ಅವರು ಸಾಹಿತ್ಯ ಸಲಹೆಗಾರರಾಗಿದ್ದರು. ಅದರ 'ಅಟ್ಟ'ವು ಲೇಖಕರ ಕೂಟವಾಗಿ ಪ್ರಸಿದ್ಧವಾಯಿತು. ಶಾಂತಿನಾಥ ದೇಸಾಯಿ ಅವರ 'ಮುಕ್ತಿ' (1961), ಗಿರೀಶ ಕಾರ್ನಾಡ ಅವರ 'ಯಯಾತಿ' (1961), ಯು. ಆರ್. ಅನಂತಮೂರ್ತಿ ಅವರ 'ಸಂಸ್ಕಾರ' (1965) ಇಲ್ಲಿಂದಲೇ ಹೊರಬಂದವು. ಕನ್ನಡದ ಅಸ್ತಿತ್ವವಾದಿ ಛಾಯೆಯ ಬರಹಗಳಲ್ಲಿ ಪ್ರಮುಖವಾದ ಮೂರು ಕೃತಿಗಳು ಐದು ವರ್ಷಗಳ ಅವಧಿಯಲ್ಲಿ ಒಂದೇ ಸಂಸ್ಥೆಯಿಂದ ಪ್ರಕಟವಾದವು.

ಗ್ರಂಥಮಾಲೆಯ ವ್ಯವಸ್ಥೆಯು ಚಂದಾ ಪದ್ಧತಿಯನ್ನು ಅವಲಂಬಿಸಿತ್ತು ಎಂಬುದು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶ. ವರ್ಷದ ಚಂದಾ ಕಟ್ಟಿದವರಿಗೆ ಆ ವರ್ಷದ ಪ್ರಕಟಣೆಗಳು ತಲುಪುತ್ತಿದ್ದವು. ಅಂಗಡಿಯಲ್ಲಿ ಪುಸ್ತಕವನ್ನು ತಿರುವಿ ನೋಡಿ ಆರಿಸಿಕೊಳ್ಳುವ ಓದುಗನಿಗೂ ಚಂದಾದಾರ ಓದುಗನಿಗೂ ವ್ಯತ್ಯಾಸವಿದೆ. ಚಂದಾದಾರನು ಕೃತಿಯನ್ನು ಆರಿಸುವುದಿಲ್ಲ; ಸಂಸ್ಥೆಯ ಮೇಲೆ ವಿಶ್ವಾಸವಿರಿಸುತ್ತಾನೆ. ಶ್ರೀರಂಗ, ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ ಮೊದಲಾದವರ ಕಾಲದ ಅಭಿರುಚಿಯಲ್ಲಿ ಬೆಳೆದ ಮನೆಗಳಿಗೆ, ನೆಲೆತಪ್ಪಿದ ತರುಣನ ಆತ್ಮಶೋಧನೆಯಾದ 'ಮುಕ್ತಿ' ಅಂಚೆಯ ಮೂಲಕ ಬಂದು ಸೇರಿತು. ಇಂಥ ಓದುಗರು ನವ್ಯವನ್ನು ಬಯಸಿ ಪಡೆದವರಲ್ಲ. ಆದರೆ ಕೈಗೆ ಬಂದ ಪುಸ್ತಕವನ್ನು ಓದದೆ ಬಿಡುವವರೂ ಅಲ್ಲ. ಕಸ್ತೆಲ್ ಹಂಬಲಿಸಿದ ಏಕೈಕ ಓದುಗನ ಸ್ಥಾನದಲ್ಲಿ ಇಲ್ಲಿ ವಿಶ್ವಾಸದಿಂದ ಕೂಡಿದ, ಆದರೆ ಸಂಶಯವನ್ನೂ ಉಳಿಸಿಕೊಂಡ ಒಂದು ಓದುಗ ಸಮುದಾಯವಿತ್ತು.

ಈ ಸಮುದಾಯದ ನಿರ್ಮಾಣಕ್ಕೆ ಶಿಕ್ಷಣ ಸಂಸ್ಥೆಗಳೂ ಕಾರಣವಾದವು. ಬೆಳಗಾವಿಯಲ್ಲಿ 1916ರಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ಲಿಂಗರಾಜ ಕಾಲೇಜನ್ನು ಆರಂಭಿಸಿತು. 1949ರಲ್ಲಿ ರೂಪುಗೊಂಡ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದಿತು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಈ ಜಿಲ್ಲೆಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನಗೊಂಡವು. ಹಳ್ಳಿಯಿಂದ ಬಂದು ಕಾಲೇಜಿನಲ್ಲಿ ಇಂಗ್ಲಿಷ್ ಮೂಲಕ ಸಾರ್ತ್ರ್, ಕಾಮು, ಕಾಫ್ಕಾರನ್ನು ಕೇಳಿದ ಮೊದಲ ತಲೆಮಾರು ಸಿದ್ಧವಾದುದು ಈ ಅವಧಿಯಲ್ಲಿಯೇ. 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಅವರು ಧಾರವಾಡದಿಂದ ಆರಂಭಿಸಿದ 'ಸಂಕ್ರಮಣ' ಪತ್ರಿಕೆಯು ಈ ತಲೆಮಾರಿನ ಓದಿಗೂ ಬರಹಕ್ಕೂ ವೇದಿಕೆಯಾಯಿತು.

3. ಸೀಮೆಯ ಓದು: ನವ್ಯಪೂರ್ವದ ಹಿನ್ನೆಲೆ

ಘಟಪ್ರಭೆಯ ಸೀಮೆಯ ಓದುಗನು ಅಸ್ತಿತ್ವವಾದಿ ಕಾದಂಬರಿಯನ್ನು ಬರಿಗೈಯಲ್ಲಿ ಎದುರುಗೊಳ್ಳಲಿಲ್ಲ. ಗೋಕಾಕ ತಾಲ್ಲೂಕಿನ ಬೆಟಗೇರಿಯ 'ಆನಂದಕಂದ' ಬೆಟಗೇರಿ ಕೃಷ್ಣಶರ್ಮರು (1900–1982) ದೇಸಿಯ ಸೊಗಡನ್ನು ಕಾವ್ಯ, ಕಥೆ, ಕಾದಂಬರಿಗಳಿಗೆ ತಂದಿದ್ದರು. ಅದೇ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು, ಪತ್ರಕರ್ತರಾಗಿ ದುಡಿದವರು. 'ಮಾಡಿ ಮಡಿದವರು', 'ಜ್ವಾಲಾಮುಖಿಯ ಮೇಲೆ', 'ಜರತಾರಿ ಜಗದ್ಗುರು' ಮೊದಲಾದ ಕೃತಿಗಳಿಂದ ಪ್ರಗತಿಶೀಲ ಪಂಥದ ಪ್ರಮುಖ ಕಾದಂಬರಿಕಾರರಾದರು. 'ಜ್ವಾಲಾಮುಖಿಯ ಮೇಲೆ' ಕೃತಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಸಂದಿತು. 1980ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಕಟ್ಟೀಮನಿಯವರ ಓದುಗನು ಕಾದಂಬರಿಯಲ್ಲಿ ಅನ್ಯಾಯದ ಹೆಸರನ್ನು ಹುಡುಕುತ್ತಿದ್ದನು. ದುಃಖಕ್ಕೆ ಕಾರಣ ಹೊರಗಿದೆ: ಮಠದಲ್ಲಿ, ಮಾಲೀಕನಲ್ಲಿ, ಪ್ರಭುತ್ವದಲ್ಲಿ. ಇದಕ್ಕೆ ತೀರ ಭಿನ್ನವಾಗಿ, ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳು ಕುಟುಂಬದ ಮೌಲ್ಯಗಳನ್ನು ಆಧರಿಸಿ ಅಪಾರ ಜನಪ್ರಿಯತೆ ಗಳಿಸಿದವು. ಅವರ 'ಧರ್ಮದೇವತೆ' 1962ರಲ್ಲಿ 'ಕರುಣೆಯೇ ಕುಟುಂಬದ ಕಣ್ಣು' ಎಂಬ ಚಲನಚಿತ್ರವಾಯಿತು. 'ಮುಕ್ತಿ' ಪ್ರಕಟವಾದ ಮರುವರ್ಷವೇ ಗೋಕಾಕದ ಶಿಕ್ಷಕರೊಬ್ಬರ ಕಾದಂಬರಿಯು ನಾಡಿನ ಚಿತ್ರಮಂದಿರಗಳನ್ನು ತಲುಪಿತು ಎಂಬ ಕಾಲಸಾಮ್ಯವನ್ನು ಸಾಹಿತ್ಯ ಚರಿತ್ರೆ ಗಮನಿಸಿಲ್ಲ. ಒಂದೇ ಭಾಷೆಯಲ್ಲಿ, ಒಂದೇ ಪ್ರದೇಶದಲ್ಲಿ, ಮನೆಯನ್ನು ತೊರೆಯುವ ನಾಯಕನೂ ಮನೆಯನ್ನು ಕಾಯುವ ನಾಯಕಿಯೂ ಏಕಕಾಲದಲ್ಲಿ ಓದುಗನ ಎದುರು ನಿಂತಿದ್ದರು.

ಇವೆಲ್ಲಕ್ಕೂ ತಳದಲ್ಲಿ ಶ್ರೀಕೃಷ್ಣ ಪಾರಿಜಾತದ ಪರಂಪರೆಯಿತ್ತು. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಮನೆಮಾತಾದ ಈ ಬಯಲಾಟದಲ್ಲಿ ಭಾಗವತನು ಪಾತ್ರಗಳನ್ನು ಮಾತಿಗೆಳೆಯುತ್ತಾನೆ, ಪ್ರಶ್ನಿಸುತ್ತಾನೆ, ಕೆಣಕುತ್ತಾನೆ. ಗೀಗೀ ಪದಗಳಲ್ಲಿ ಮುಮ್ಮೇಳದ ಹಾಡನ್ನು ಹಿಮ್ಮೇಳ ಎತ್ತಿಕೊಳ್ಳದೆ ಪದ ಮುಂದೆ ಸಾಗದು. ಕಥೆ ಹೇಳುವವನ ಎದುರು ಉತ್ತರ ಕೊಡುವವನೊಬ್ಬ ಇದ್ದೇ ಇರಬೇಕೆಂಬುದು ಈ ಪ್ರಕಾರಗಳ ರಚನೆಯಲ್ಲಿಯೇ ಅಡಕವಾಗಿದೆ. ಮುಚ್ಚಿದ ಕೋಣೆಯಿಂದ ಬರೆಯುವ ಕಸ್ತೆಲ್‌ನ ನಿರೂಪಣೆಗೆ ಇದು ನೇರ ವಿರುದ್ಧವಾದ ತುದಿ.

4. 'ಸಂಸ್ಕಾರ'ದ ಓದುಗರು

ಕನ್ನಡದಲ್ಲಿ ಓದುಗ ಪ್ರತಿಕ್ರಿಯೆಯ ಚರಿತ್ರೆಗೆ 'ಸಂಸ್ಕಾರ'ಕ್ಕಿಂತ ಉತ್ತಮ ನಿದರ್ಶನವಿಲ್ಲ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಬರೆದ ಕಾದಂಬರಿಯಿದು. ದುರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಾಗ ಶವಸಂಸ್ಕಾರ ಮಾಡಬೇಕಾದವರು ಯಾರೆಂಬ ಪ್ರಶ್ನೆ ಪ್ರಾಣೇಶಾಚಾರ್ಯರ ಮುಂದೆ ಬರುತ್ತದೆ. ಶಾಸ್ತ್ರದಲ್ಲಿ ಉತ್ತರ ಸಿಕ್ಕುವುದಿಲ್ಲ. ಚಂದ್ರಿಯೊಂದಿಗಿನ ಸಮಾಗಮದ ನಂತರ ಆಚಾರ್ಯರು ತಮ್ಮ ಆಯ್ಕೆಯ ಹೊಣೆಯನ್ನು ತಾವೇ ಹೊರಬೇಕಾಗುತ್ತದೆ. ಕಾದಂಬರಿಯು ತೀರ್ಮಾನವಿಲ್ಲದೆ ನಿಲ್ಲುತ್ತದೆ. ಆಯ್ಕೆ, ಹೊಣೆ, ಅನಿಶ್ಚಿತತೆ ಎಂಬ ಅಸ್ತಿತ್ವವಾದದ ಮೂರೂ ಎಳೆಗಳು ಇಲ್ಲಿವೆ. ಆದರೆ ಸಬಾಟೊನ ಕೃತಿಗೂ ಇದಕ್ಕೂ ಮೂಲಭೂತ ವ್ಯತ್ಯಾಸವೊಂದಿದೆ. ಕಸ್ತೆಲ್‌ಗೆ ಬಿಟ್ಟುಬರಲು ಸಮುದಾಯವೇ ಇಲ್ಲ. ಆಚಾರ್ಯರಿಗೆ ಒಂದು ಅಗ್ರಹಾರವೇ ಇದೆ. ಆದ್ದರಿಂದ ಅವರ ಒಂಟಿತನವು ಸಾಮಾಜಿಕ ಘಟನೆಯಾಗುತ್ತದೆ, ಅದನ್ನು ಓದುವವರೂ ಸಮುದಾಯವಾಗಿ ಓದುತ್ತಾರೆ.

ಇದಕ್ಕೆ ಸಾಕ್ಷಿಯಾಗಿ ಮೂರು ಬಗೆಯ ಓದನ್ನು ಗುರುತಿಸಬಹುದು. ಮೊದಲನೆಯದು ಸಮುದಾಯದ ಆಕ್ಷೇಪ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಚಲನಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತು. ಬಿಡುಗಡೆಯಾದ ಮೇಲೆ ಅದು ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆಯಿತು. ಎರಡನೆಯದು ಹೊರಗಿನವರ ಓದು. ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದವು 1976ರಲ್ಲಿ ಪ್ರಕಟವಾಯಿತು. ವಿ. ಎಸ್. ನೈಪಾಲ್ 1977ರ ತಮ್ಮ ಭಾರತ ಕುರಿತ ಗ್ರಂಥದಲ್ಲಿ ಇದನ್ನು ಹಿಂದೂ ಮನಸ್ಸಿನ ಸ್ವ-ಕಲ್ಪನೆಗೆ ಸಾಕ್ಷ್ಯವೆಂಬಂತೆ ಚರ್ಚಿಸಿದರು. ಪರಂಪರೆಯನ್ನು ಪ್ರಶ್ನಿಸಲು ಹುಟ್ಟಿದ ಕಾದಂಬರಿಯನ್ನು ಆ ಪರಂಪರೆಯ ಲಕ್ಷಣಪತ್ರವಾಗಿ ಓದಲಾಯಿತು. ಮೂರನೆಯದು ಬದುಕಿನ ಓದು. ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂಧಿಸಿ ಬೆಂಗಳೂರಿನ ಕಾರಾಗೃಹದಲ್ಲಿರಿಸಲಾಯಿತು. ಅನಾರೋಗ್ಯದಿಂದ ಬಿಡುಗಡೆಗೊಂಡ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ನಿಧನರಾದರು. ಅರ್ಜೆಂಟೀನಾದಲ್ಲಿ ಸೈನ್ಯದ ಆಳ್ವಿಕೆ ಆರಂಭವಾದುದೂ ಅದೇ 1976ರಲ್ಲಿ. ವ್ಯಕ್ತಿಯ ಸ್ವಾತಂತ್ರ್ಯವೆಂಬುದು ತಾತ್ವಿಕ ಚರ್ಚೆಯ ವಿಷಯವಾಗಿ ಮಾತ್ರ ಉಳಿಯಲಿಲ್ಲವೆಂಬುದನ್ನು ಎರಡೂ ನಾಡುಗಳ ಓದುಗರು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಕಂಡರು.

5. ಒಳಗಿನ ನಿರಾಕರಣೆಗಳು

ಎಂಟನೆಯ ದಶಕದಲ್ಲಿ ನವ್ಯದ ವಿರುದ್ಧ ಎದ್ದ ಆಕ್ಷೇಪಗಳನ್ನು ಸಾಮಾನ್ಯವಾಗಿ ಚಳವಳಿಗಳ ಸಂಘರ್ಷವೆಂದು ವಿವರಿಸಲಾಗುತ್ತದೆ. ಅವುಗಳನ್ನು ಓದುಗರ ದಂಗೆಯೆಂದೂ ನೋಡಬಹುದು, ಏಕೆಂದರೆ ಆಕ್ಷೇಪಿಸಿದವರು ನವ್ಯವನ್ನು ನಿಷ್ಠೆಯಿಂದ ಓದಿದವರೇ ಆಗಿದ್ದರು. 'ಸ್ವರೂಪ'ವೆಂಬ ನವ್ಯ ಮಾದರಿಯ ಕಾದಂಬರಿ ಬರೆದಿದ್ದ ಪೂರ್ಣಚಂದ್ರ ತೇಜಸ್ವಿಯವರು 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಹೊಸ ದಿಗಂತದ ಅಗತ್ಯವನ್ನು ಘೋಷಿಸಿದರು. ಅದೇ ವರ್ಷ ದೇವನೂರ ಮಹಾದೇವರ 'ದ್ಯಾವನೂರು' ಬಂದಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ಹಸಿವೂ ಜಾತಿಯೂ ಇರುವ ಸಮಾಜದಲ್ಲಿ 'ನಾನು ಯಾರು' ಎಂಬ ಪ್ರಶ್ನೆಯನ್ನು ಕೇಳಲು ಬಿಡುವು ಯಾರಿಗಿದೆ ಎಂಬುದು ಈ ಓದುಗರ ಪ್ರಶ್ನೆಯ ತಿರುಳು.

ಆ 1979ರಲ್ಲಿಯೇ ಯಶವಂತ ಚಿತ್ತಾಲರ 'ಶಿಕಾರಿ' ಪ್ರಕಟವಾದುದು ಕುತೂಹಲಕರ. ಮುಂಬಯಿಯ ಕಂಪನಿಯೊಂದರಲ್ಲಿ ತನ್ನ ವಿರುದ್ಧ ಹೂಡಿದ ಸಂಚಿನ ಸುಳಿಯಲ್ಲಿ ಸಿಕ್ಕ ನಾಗಪ್ಪನ ಸಂಶಯ ಕಸ್ತೆಲ್‌ನ ಸಂಶಯವನ್ನು ನೆನಪಿಸುತ್ತದೆ. ಕಸ್ತೆಲ್‌ನ ಸಂಶಯ ಅವನ ತರ್ಕದಿಂದಲೇ ಹುಟ್ಟಿ ಬೇರೊಬ್ಬಳ ಜೀವವನ್ನು ಬಲಿ ಪಡೆಯುತ್ತದೆ. ನಾಗಪ್ಪನ ಸಂಶಯಕ್ಕೆ ಹೊರಗೆ ಆಧಾರವಿದೆ. ಅದು ಅವನನ್ನು ಹುಟ್ಟೂರಿನ, ಬಾಲ್ಯದ, ಕುಟುಂಬದ ನೆನಪುಗಳತ್ತ ಕೊಂಡೊಯ್ಯುತ್ತದೆ. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಉತ್ತರ ಕರ್ನಾಟಕದ ಓದುಗನಿಗೆ ಈ ಕಾದಂಬರಿ ಅಪರಿಚಿತವೆನಿಸುವಂತಿರಲಿಲ್ಲ. ಅಸ್ತಿತ್ವವಾದವು ಎರವಲು ಸರಕೆಂಬ ಆಕ್ಷೇಪಕ್ಕೆ 'ಶಿಕಾರಿ'ಯೇ ಸಮರ್ಥ ಉತ್ತರವಾಯಿತು. ಕನ್ನಡದ ಓದುಗನು ನಿರಾಕರಿಸಿದ್ದು ಒಂಟಿತನದ ಅನುಭವವನ್ನಲ್ಲ, ಆ ಅನುಭವಕ್ಕೆ ಊರು-ಕೇರಿಯ ಗುರುತೇ ಇಲ್ಲದಂತೆ ಬರೆಯುವ ಕ್ರಮವನ್ನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

6. ಕಂಬಾರರ ಉತ್ತರ

ಈ ಹಿನ್ನೆಲೆಯಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರ ಜನವರಿ 2ರಂದು ಹುಟ್ಟಿದ ಚಂದ್ರಶೇಖರ ಕಂಬಾರರ ಸಾಧನೆಯನ್ನು ಪರಿಶೀಲಿಸಬೇಕು. ಗೋಕಾಕದಲ್ಲಿ, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದ ಅವರು ವಯಸ್ಸಿನಿಂದಲೂ ಶಿಕ್ಷಣದಿಂದಲೂ ನವ್ಯ ತಲೆಮಾರಿಗೆ ಸೇರಿದವರೇ. 'ಹೇಳತೇನ ಕೇಳ' (1964) ಎಂಬ ಅವರ ಆರಂಭದ ಕೃತಿಯ ಹೆಸರನ್ನೇ ಗಮನಿಸಬೇಕು. ಹೇಳುವವನೂ ಕೇಳುವವನೂ ಇಬ್ಬರೂ ಅಲ್ಲಿದ್ದಾರೆ. ಆಡುಮಾತಿನ ಆ ಎರಡು ಕ್ರಿಯಾಪದಗಳು ಒಂದು ಸಾಹಿತ್ಯ ಸಿದ್ಧಾಂತವನ್ನೇ ಸೂಚಿಸುತ್ತವೆ.

'ಕರಿಮಾಯಿ' (1975) ಕಾದಂಬರಿಯಲ್ಲಿ ಶಿವಾಪುರವೆಂಬ ಊರೇ ನಾಯಕ. ವಿದ್ಯೆ ಕಲಿತು ಊರಿಗೆ ಮರಳಿದ ಗುಡಸೀಕರನು ಆಧುನಿಕತೆಯನ್ನು ತರುತ್ತಾನೆ. ಜೊತೆಗೆ ಊರಿನ ಕಟ್ಟು ಸಡಿಲಗೊಳ್ಳುತ್ತದೆ. ನವ್ಯ ಕಾದಂಬರಿಯಾಗಿದ್ದರೆ ಗುಡಸೀಕರನ ಅಂತರಂಗವೇ ಕಥೆಯ ಕೇಂದ್ರವಾಗುತ್ತಿತ್ತು. ಇಲ್ಲಿ ಅವನು ಊರಿನ ಕಣ್ಣಿಗೆ ಕಂಡಷ್ಟು ಮಾತ್ರ. ಪರಕೀಯನೆಂಬ ಅಸ್ತಿತ್ವವಾದಿ ನಾಯಕನನ್ನು ಅವನು ತೊರೆದ ಸಮುದಾಯದ ದೃಷ್ಟಿಯಿಂದ ನೋಡಿದರೆ ಹೇಗಿರುತ್ತಾನೆಂಬುದಕ್ಕೆ 'ಕರಿಮಾಯಿ' ಉತ್ತರ. 'ಸಿಂಗಾರೆವ್ವ ಮತ್ತು ಅರಮನೆ' (1982) ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಅರಮನೆಯೆಂಬ ಪಾಳು ವ್ಯವಸ್ಥೆಯಲ್ಲಿ ಸಿಕ್ಕಿಬಿದ್ದ ಸಿಂಗಾರೆವ್ವನ ಕಥೆಯನ್ನು ಶೀನಿಂಗವ್ವ ಹೇಳುತ್ತಾಳೆ, ನಿರೂಪಕನು ಕೇಳಿಸಿಕೊಳ್ಳುತ್ತಾನೆ. ಮರಿಯಾ ಇರಿಬಾರ್ನೆಯ ಕಥೆ ಅವಳನ್ನು ಕೊಂದವನ ಬಾಯಿಂದ ಮಾತ್ರ ನಮಗೆ ತಿಳಿಯುತ್ತದೆ. ಸಿಂಗಾರೆವ್ವನ ಕಥೆ ಅವಳ ಜೊತೆ ಬಾಳಿದ ಹೆಂಗಸಿನ ಬಾಯಿಂದ ಬರುತ್ತದೆ. ಎರಡೂ ಕಾದಂಬರಿಗಳಲ್ಲಿ ಹೆಣ್ಣಿನ ದುರಂತವಿದೆ. ಅದನ್ನು ಹೇಳುವ ಅಧಿಕಾರ ಯಾರದು ಎಂಬಲ್ಲಿ ಅವು ಬೇರೆಯಾಗುತ್ತವೆ.

ಆದರೆ ಕಂಬಾರರನ್ನು ನವ್ಯಕ್ಕೆ ವಿರುದ್ಧವಾಗಿ ನಿಲ್ಲಿಸಿ, ಜಾನಪದವು ಸಮುದಾಯದ ಸುಖವನ್ನೂ ನವ್ಯವು ವ್ಯಕ್ತಿಯ ದುಃಖವನ್ನೂ ಹೇಳುತ್ತದೆಂದು ವಿಭಾಗಿಸುವುದು ಸರಿಯಾಗದು. ಊರಿನ ಧ್ವನಿಯಲ್ಲಿ ಕ್ರೌರ್ಯವೂ ಇದೆ. ಕಾಮ, ಅಧಿಕಾರ, ಬಂಜೆತನ, ಫಲವಂತಿಕೆಗಳ ಸಂಘರ್ಷವನ್ನು 'ಜೋಕುಮಾರಸ್ವಾಮಿ' (1972) ನಾಟಕವು ಸಮುದಾಯದ ಆಚರಣೆಯ ಒಳಗಿಂದಲೇ ಎತ್ತಿ ತೋರಿಸಿತು. ಸಮುದಾಯದ ಮಾತು ವ್ಯಕ್ತಿಯನ್ನು ಅಡಗಿಸಬಲ್ಲದು ಎಂಬ ನವ್ಯದ ಎಚ್ಚರವನ್ನು ಕಂಬಾರರ ಕೃತಿಗಳು ಬಿಟ್ಟುಕೊಟ್ಟಿಲ್ಲ. ನವ್ಯವನ್ನು ಓದಿದ ಲೇಖಕನು ಅದರ ಪ್ರಶ್ನೆಯನ್ನು ಉಳಿಸಿಕೊಂಡು ನಿರೂಪಣೆಯ ಕ್ರಮವನ್ನು ಬದಲಿಸಿದನು ಎನ್ನುವುದು ಹೆಚ್ಚು ಸಮಂಜಸ. 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ, 2018ರಿಂದ 2023ರವರೆಗಿನ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷತೆ ಈ ಸಾಧನೆಗೆ ಸಂದ ಮನ್ನಣೆಗಳು. ಅವುಗಳಿಗಿಂತ ಮುಖ್ಯವಾದುದು, ಘಟಪ್ರಭೆಯ ಸೀಮೆಯ ಓದುಗನ ಆಕ್ಷೇಪವು ಕಾದಂಬರಿಯ ರಚನೆಯಲ್ಲಿಯೇ ಸ್ಥಾನ ಪಡೆದುದು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಅಸ್ತಿತ್ವವಾದಿ ಕಾದಂಬರಿಯನ್ನು ಒಪ್ಪದ ಓದುಗನನ್ನು ಅಭಿರುಚಿಹೀನನೆಂದು ಬದಿಗೆ ಸರಿಸುವುದು ಚರಿತ್ರೆಗೆ ನ್ಯಾಯವಲ್ಲ. ಚಂದಾದಾರನ ಸಂಶಯ, ಸಮುದಾಯದ ಆಕ್ಷೇಪ, ಬಂಡಾಯದ ಪ್ರಶ್ನೆ, ಕಂಬಾರರ ಸೃಜನಶೀಲ ಉತ್ತರ ಇವು ನಾಲ್ಕೂ ಓದಿನ ರೂಪಗಳು. ಇವುಗಳ ಒತ್ತಡವಿಲ್ಲದೆ ಕನ್ನಡ ಕಾದಂಬರಿ ಈಗಿನ ರೂಪ ಪಡೆಯುತ್ತಿರಲಿಲ್ಲ. ಎರಡನೆಯದಾಗಿ, ಸಬಾಟೊ ತನ್ನ ಮೊದಲ ಕಾದಂಬರಿಯಿಂದ ಕಣ್ಮರೆಯಾದವರ ಆಯೋಗದವರೆಗೆ ನಡೆದ ದಾರಿ ಹಾಗೂ ಕನ್ನಡ ಕಾದಂಬರಿ 'ಮುಕ್ತಿ'ಯಿಂದ 'ಸಿಂಗಾರೆವ್ವ'ದವರೆಗೆ ನಡೆದ ದಾರಿ ಒಂದೇ ದಿಕ್ಕಿನವು: ಹೇಳುವ ಹಟದಿಂದ ಕೇಳಿಸಿಕೊಳ್ಳುವ ಹೊಣೆಯತ್ತ. ಮೂರನೆಯದಾಗಿ, ಲೇಖಕನ ಸಾರ್ವಜನಿಕ ನಡೆಯನ್ನು ಬಿಟ್ಟು ಕೃತಿಯನ್ನು ಓದುವ ವಿಮರ್ಶೆಯ ಶಿಸ್ತನ್ನು ಸಾಮಾನ್ಯ ಓದುಗರು ಬ್ಯೂನಸ್ ಐರಿಸ್ಸಿನಲ್ಲಿಯೂ ಪಾಲಿಸಲಿಲ್ಲ, ಬೆಳಗಾವಿಯಲ್ಲಿಯೂ ಪಾಲಿಸಲಿಲ್ಲ.

ಇಂಥ ಚರಿತ್ರೆಯನ್ನು ಮುಂದುವರಿಸಲು ಬೇಕಾದ ಆಕರಗಳು ಗ್ರಂಥಗಳ ಒಳಪುಟಗಳಿಗಿಂತ ಅವುಗಳ ಅಂಚುಗಳಲ್ಲಿವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ನಂತರ ಜಿಲ್ಲೆ-ತಾಲ್ಲೂಕುಗಳಿಗೆ ಹರಡಿದ ಗ್ರಂಥಾಲಯಗಳ ಎರವಲು ವಹಿಗಳು, ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ ಮರಳಿಸುವ ದಿನಾಂಕದ ಚೀಟಿಗಳು, ಪೆನ್ಸಿಲಿನಲ್ಲಿ ಗೀಚಿದ ಟಿಪ್ಪಣಿಗಳು, ಪತ್ರಿಕೆಗಳ ವಾಚಕರ ಪತ್ರಗಳು, ಪ್ರಕಾಶನ ಸಂಸ್ಥೆಗಳ ಚಂದಾದಾರರ ಪಟ್ಟಿಗಳು ಓದುಗನು ಬಿಟ್ಟುಹೋದ ಹೆಜ್ಜೆಗುರುತುಗಳು. ಗಣಕೀಕರಣದ ಸಂದರ್ಭದಲ್ಲಿಯೂ ಹಳೆಯ ಪ್ರತಿಗಳನ್ನು ವಿಲೇವಾರಿ ಮಾಡುವಾಗಲೂ ಮೊದಲು ರದ್ದಿಗೆ ಹೋಗುವವು ಇವೇ. ಕೃತಿಯ ಹೊಸ ಮುದ್ರಣ ಯಾವಾಗಲಾದರೂ ಬರಬಹುದು. 1966ರಲ್ಲಿ ಆ ಕೃತಿಯನ್ನು ಓದಿದವನ ಗುರುತು ಮತ್ತೆ ಮುದ್ರಣವಾಗುವುದಿಲ್ಲ. ಗೋಕಾಕ, ಹುಕ್ಕೇರಿ, ಮೂಡಲಗಿ, ಯಮಕನಮರಡಿಯಂಥ ಊರುಗಳ ಗ್ರಂಥಾಲಯಗಳ ಹಳೆಯ ವಹಿಗಳನ್ನು ಸಂಗ್ರಹಿಸಿ ಕಾಪಾಡುವ ಕಾರ್ಯವನ್ನು 2010ರಲ್ಲಿ ಸ್ಥಾಪಿತವಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಂಥ ಸಂಸ್ಥೆಗಳೂ ಗ್ರಂಥಾಲಯ ಇಲಾಖೆಯೂ ಕೈಗೆತ್ತಿಕೊಳ್ಳುವುದು ಅಗತ್ಯ. ಚಿತ್ರದ ಮೂಲೆಯ ಕಿಟಕಿಯ ಮುಂದೆ ನಿಂತು ನೋಡಿದವರು ಯಾರೆಂಬುದು ಆಗ ಮಾತ್ರ ಸಾಹಿತ್ಯ ಚರಿತ್ರೆಗೆ ತಿಳಿದೀತು.